ಗುಳಿಯ ಈಚೆಗೆ ನಿಂತ ಚೆಂಡು

"ಗುರುಗಳೇ, ನನ್ನ ಆಟದ ಲೆಕ್ಕ ಇಡುವುದನ್ನು ಬಿಟ್ಟುಬಿಡಲೇ?" ಎಂದು ಶಿಷ್ಯ ಕೇಳಿದ.

ಗುರು ದೊರೆಸ್ವಾಮಿ ಗಾಲ್ಫ್ ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಆ ಮೈದಾನದಲ್ಲಿ ಕೋಲು ಹಿಡಿಯಲು ಕಲಿತವರೆಲ್ಲ ಅವರ ಬೈಗುಳ ತಿಂದವರೇ. ಶಿಷ್ಯನ ಹೆಸರು ಭಾರ್ಗವ. ರಾಜ್ಯದ ತಂಡಕ್ಕೆ ಆಯ್ಕೆ ನಡೆಯುವ ದಿನ ಹತ್ತಿರವಿತ್ತು. ಕೆಲವು ತಿಂಗಳಿಂದ ಅವನು ತನ್ನ ಪ್ರತಿ ಹೊಡೆತವನ್ನೂ ಮೊಬೈಲಿನಲ್ಲಿ ಗುರುತು ಹಾಕುತ್ತಿದ್ದ. ಎಲ್ಲಿಂದ ಹೊಡೆದೆ, ಚೆಂಡು ಎಲ್ಲಿ ಬಿತ್ತು, ಗುಳಿಯ ಬಳಿ ಬಂದ ಮೇಲೆ ಎಷ್ಟು ಸಲ ತಟ್ಟಬೇಕಾಯಿತು, ಎಲ್ಲವೂ ಅದರಲ್ಲಿತ್ತು. ಲೆಕ್ಕ ಅವನ ಬಗ್ಗೆ ಒಂದೂ ಒಳ್ಳೆಯ ಮಾತು ಹೇಳುತ್ತಿರಲಿಲ್ಲ. ಜೊತೆಯವರು, ಆಟ ಮನಸ್ಸಿನಿಂದ ಬರಬೇಕು, ಎಣಿಸುತ್ತಾ ಕೂತರೆ ಬಂದ ಆಟವೂ ಹೋಗುತ್ತದೆ ಎಂದು ನಗುತ್ತಿದ್ದರು. ಎಣಿಸುವ ಮೊದಲು ನಾನು ಒಳ್ಳೆಯ ಆಟಗಾರ ಎಂದುಕೊಂಡಿದ್ದೆ, ಈಗ ಕೋಲು ಮುಟ್ಟಲೇ ಮನಸ್ಸಾಗುವುದಿಲ್ಲ ಎಂದು ಅವನು ಹೇಳಿಕೊಂಡ.

"ಕೂತುಕೋ," ಎಂದರು ಗುರು. "ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ."

ಗುರು ಹೇಳಿದ ಕತೆ ಇದು.

ಒಂದು ಊರಿತ್ತು. ಆ ಊರಿನವರಿಗೆ ಈ ಆಟದ ಹುಚ್ಚು. ನೀವು ಇದಕ್ಕೆ ಗಾಲ್ಫ್ ಅನ್ನುತ್ತೀರಿ, ಅವರು ಗುಳಿಚೆಂಡು ಅನ್ನುತ್ತಿದ್ದರು. ಹೆಸರು ಯಾವುದಾದರೇನು? ಕೋಲಿನಿಂದ ಚೆಂಡು ಹೊಡೆಯಬೇಕು, ಚೆಂಡು ದೂರದ ಗುಳಿಗೆ ಬೀಳಬೇಕು, ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ಬತ್ತಿಹೋದ ಕೆರೆಯ ಅಂಗಳವೇ ಅವರ ಮೈದಾನ.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬನ ಚೆಂಡು ಗುಳಿಯ ಹತ್ತಿರ ಬಂದು ನಿಂತಿತೆಂದರೆ ಎದುರಾಳಿ 'ಕೊಟ್ಟೆ' ಅನ್ನುತ್ತಿದ್ದ. ಅಲ್ಲಿಗೆ ಅದು ಗುಳಿಗೆ ಬಿದ್ದ ಹಾಗೆ. ಆ ಕೊನೆಯ ಹೊಡೆತವನ್ನು ಹೊಡೆಯುವುದೂ ಇಲ್ಲ, ಎಣಿಸುವುದೂ ಇಲ್ಲ. ಇವನು ಅವನಿಗೆ ಕೊಟ್ಟ, ಅವನು ಇವನಿಗೆ ಕೊಟ್ಟ. ಕೊಡದಿದ್ದವನು ಜಿಪುಣ. ಕೊಟ್ಟದ್ದನ್ನು ಬೇಡ ಅಂದವನು ಸೊಕ್ಕಿನವನು. ಎಲೆಗೆ ಬಡಿಸಿದ್ದನ್ನು ಆಚೆ ತಳ್ಳಿದಷ್ಟೇ ಅದು ಕೆಟ್ಟ ನಡತೆ. ಹೀಗೆ ಎಲ್ಲರೂ ಕೊಟ್ಟರು, ಎಲ್ಲರೂ ತೆಗೆದುಕೊಂಡರು, ಎಲ್ಲರೂ ತಾವು ಒಳ್ಳೆಯ ಆಟಗಾರರು ಎಂದುಕೊಂಡು ಮನೆಗೆ ಹೋಗಿ ಉಂಡು ಮಲಗಿದರು.

ವರ್ಷಕ್ಕೊಮ್ಮೆ ಊರಿನ ನಾಲ್ವರು ಪಕ್ಕದ ಊರಿಗೆ ಆಡಲು ಹೋಗುತ್ತಿದ್ದರು. ಅಲ್ಲಿ ಕೊಡುವ ಪದ್ಧತಿ ಇರಲಿಲ್ಲ. ಚೆಂಡು ಗುಳಿಗೆ ಬೀಳುವ ತನಕ ಹೊಡೆಯಲೇಬೇಕು. ನಾಲ್ವರೂ ಪ್ರತಿ ವರ್ಷ ಸೋತು ಬರುತ್ತಿದ್ದರು. ಒಂದು ವರ್ಷ ಗಾಳಿ ಸರಿ ಇರಲಿಲ್ಲ ಅಂದರು. ಇನ್ನೊಂದು ವರ್ಷ ಅಲ್ಲಿಯ ನೆಲ ಸರಿ ಇಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಆ ಗಾದೆಯನ್ನು ತಮಗೆ ತಾವೇ ಹೇಳಿಕೊಳ್ಳುವವರು ಯಾವ ಊರಿನಲ್ಲೂ ಇರುವುದಿಲ್ಲ.

ಅದೇ ಊರಿನಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅವನಿಗೊಬ್ಬಳು ಮಗಳು. ಅವಳೂ ಆಡುತ್ತಿದ್ದಳು. ಆ ನಾಲ್ವರಲ್ಲಿ ತಾನೂ ಒಬ್ಬಳಾಗಬೇಕು ಎನ್ನುವುದು ಅವಳ ಆಸೆ. ಅದುವರೆಗೆ ಯಾವ ಹೆಂಗಸೂ ಹೋಗಿರಲಿಲ್ಲ.

ಅವಳು ಹೋಗಿ ಆಟದ ಯಜಮಾನನನ್ನು ಕೇಳಿದಳು. ಯಜಮಾನ ಎಣ್ಣೆ ವ್ಯಾಪಾರಿ. ಊರಿಗೆಲ್ಲ ಅವನೇ ದೊಡ್ಡ ಆಟಗಾರ. ಅವನು ಗದರಲಿಲ್ಲ, ನಗಲೂ ಇಲ್ಲ. ಬಹಳ ಪ್ರೀತಿಯಿಂದ ಮಾತಾಡಿದ. ಹೆಣ್ಣಿನ ತೋಳಿಗೆ ದೂರ ಹೊಡೆಯುವ ಬಲ ಇರುವುದಿಲ್ಲ, ನೀನು ಸೋಲುವುದು ಮೊದಲನೆಯ ಹೊಡೆತದಲ್ಲೇ, ತೋಳು ಬೆಳೆಸಿಕೊಂಡು ಬಾ, ಆಮೇಲೆ ನೋಡೋಣ ಎಂದ. ಗದರಿದ್ದರೆ ಅವಳು ನಂಬುತ್ತಿರಲಿಲ್ಲ. ಪ್ರೀತಿಯಿಂದ ಹೇಳಿದ್ದರಿಂದ ನಂಬಿದಳು. ಪ್ರೀತಿಯಿಂದ ಹೇಳಿದ ಸುಳ್ಳಿನ ಹಾಗೆ ಮನುಷ್ಯನನ್ನು ಹಾಳು ಮಾಡುವುದು ಬೇರೆ ಇಲ್ಲ, ಇದನ್ನು ನೆನಪಿಟ್ಟುಕೋ.

ಅವಳು ತೋಳು ಬೆಳೆಸಿದಳು. ಅಂಗಡಿಯಲ್ಲಿ ಖಾರದ ಪುಡಿ ಕುಟ್ಟುವ ಒನಕೆಯನ್ನು ಆಳುಗಳ ಕೈಯಿಂದ ಕಸಿದುಕೊಂಡು ತಾನೇ ಕುಟ್ಟಿದಳು. ಬಾವಿಯಿಂದ ಬೀದಿಗೆಲ್ಲ ನೀರು ಸೇದಿದಳು. ವರ್ಷ ಕಳೆಯುವುದರಲ್ಲಿ ಅವಳ ಚೆಂಡು ಮೊದಲಿಗಿಂತ ಎಷ್ಟೋ ದೂರ ಹೋಗುತ್ತಿತ್ತು. ಆದರೆ ಗುಳಿಗೆ ಬೀಳುವ ಹೊತ್ತಿಗೆ ಆಗುತ್ತಿದ್ದ ಹೊಡೆತ ಮಾತ್ರ ಅಷ್ಟೇ. ಒಂದೂ ಕಡಿಮೆಯಾಗಲಿಲ್ಲ. ಇನ್ನೂ ಬಲ ಸಾಲದು ಎಂದ ಯಜಮಾನ.

ಅವಳಿಗೆ ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು.

ಅವಳು ಬಟ್ಟೆಯ ಮೂರು ಚಿಕ್ಕ ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಳು. ದೂರದ ಹೊಡೆತಕ್ಕೆ ಒಂದು. ನಡುವಿನಿಂದ ಗುಳಿಯ ಕಡೆಗೆ ಹೊಡೆಯುವುದಕ್ಕೆ ಒಂದು. ಗುಳಿಯ ಪಕ್ಕದ ಕೊನೆಯ ಹೊಡೆತಕ್ಕೆ ಒಂದು. ಯಾವ ಹೊಡೆತ ಕೆಟ್ಟಿತೋ ಆ ಚೀಲಕ್ಕೆ ಒಂದು ಹುಣಸೆ ಬೀಜ ಹಾಕಬೇಕು. ಅದರಲ್ಲೂ ಚೆಂಡು ಗುರಿಯ ಈಚೆಗೇ ನಿಂತರೆ ಇಡೀ ಬೀಜ, ಗುರಿ ದಾಟಿ ಹೋದರೆ ಒಡೆದ ಬೀಜ. ಇಷ್ಟೇ ಅವಳ ಲೆಕ್ಕ.

ಹಾಗೆ ಎಣಿಸಬೇಕಾದರೆ ಕೊನೆಯ ಹೊಡೆತವನ್ನು ಹೊಡೆಯಲೇಬೇಕು. ಹೊಡೆಯದೆ ಅದು ಕೆಟ್ಟಿತೋ ಇಲ್ಲವೋ ತಿಳಿಯುವುದು ಹೇಗೆ? ಒಂದು ದಿನ ಅವಳ ಚೆಂಡು ಗುಳಿಯ ಹತ್ತಿರ ನಿಂತಿತು. ಎದುರಾಳಿ ಯಜಮಾನನೇ. ಅವನು ವಾಡಿಕೆಯಂತೆ ಕೈ ಎತ್ತಿ, "ಕೊಟ್ಟೆ ಕಣವ್ವ, ಎತ್ಕೋ" ಅಂದ.

"ನೀವು ಕೊಟ್ರೆ ಅದು ನಿಮ್ಮ ಹೊಡೆತ ಆಯ್ತದೆ ಯಜಮಾನ್ರೇ," ಅಂದಳು ಅವಳು. "ನಂಗೆ ನಂದು ಬೇಕು."

ಹೇಳಿ ಹೊಡೆದಳು. ಚೆಂಡು ಗುಳಿಯ ಪಕ್ಕದಲ್ಲೇ ಹಾದು ಹೋಯಿತು. ಸುತ್ತ ಇದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಚೀಲಕ್ಕೆ ಒಡೆದ ಬೀಜ ಹಾಕಿಕೊಂಡಳು. ಅವತ್ತಿನಿಂದ ಅವಳ ಆಟ ಊರಿನಲ್ಲಿ ಎಲ್ಲರಿಗಿಂತ ಕೆಟ್ಟದಾಯಿತು. ಆಟ ಕೆಟ್ಟಿರಲಿಲ್ಲ. ಎಲ್ಲರೂ ಕೊನೆಯ ಹೊಡೆತ ಬಿಟ್ಟು ಎಣಿಸುತ್ತಿದ್ದರು, ಅವಳೊಬ್ಬಳು ಬಿಡದೆ ಎಣಿಸುತ್ತಿದ್ದಳು, ಅಷ್ಟೇ. ಆದರೆ ಊರಿಗೆ ಅಷ್ಟು ಸಾಕಾಗಿತ್ತು. ತಪ್ಪಿದ್ದನ್ನು ಎಣಿಸಿದರೆ ಕೈಗೆ ಶನಿ ಹಿಡಿಯುತ್ತದೆ ಎಂದರು. ಅವಳ ಎದುರು ಆಡಿದವರು ಹೋಗಿ ಕೈ ತೊಳೆದುಕೊಂಡರು.

ಅವಳು ಇನ್ನೂ ಒಂದು ಕೆಲಸ ಮಾಡಿದಳು. ಬರೀ ತನ್ನ ತಪ್ಪನ್ನು ನೋಡಿದರೆ ಅದು ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಊರಿಗೆಲ್ಲ ಬಂದ ಜ್ವರಕ್ಕೆ ತಾನೊಬ್ಬಳೇ ಅಳುತ್ತಾ ಕೂತ ಹಾಗಾಗುತ್ತದೆ. ಅದಕ್ಕೆ ಅವಳು ಇನ್ನೂ ಮೂರು ಚೀಲ ಹೊಲಿದು ಯಜಮಾನನ ಆಟವನ್ನೂ ಎಣಿಸತೊಡಗಿದಳು. ಯಜಮಾನನಿಗೆ ಗೊತ್ತಾಗದ ಹಾಗೆ. ಇದನ್ನು ಕಳ್ಳತನ ಅನ್ನುವವರು ಅನ್ನಲಿ.

ಒಂದು ಮಳೆಗಾಲ ಮುಗಿದ ಮೇಲೆ ಅವಳು ಆರೂ ಚೀಲಗಳನ್ನು ಮೊರದ ಮೇಲೆ ಬೇರೆ ಬೇರೆ ಸುರಿದಳು. ದೂರದ ಹೊಡೆತದ ಗುಡ್ಡೆಯಲ್ಲಿ ಅವಳಿಗೂ ಯಜಮಾನನಿಗೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇರಲಿಲ್ಲ. ಯಾವ ತೋಳಿಗಾಗಿ ವರ್ಷವೆಲ್ಲ ಒನಕೆ ಹಿಡಿದು ಬೊಬ್ಬೆ ಎಬ್ಬಿಸಿಕೊಂಡಿದ್ದಳೋ ಆ ತೋಳಿನ ದೋಷ ಅಲ್ಲಿ ಇರಲೇ ಇಲ್ಲ. ಆದರೆ ನಡುವಿನ ಹೊಡೆತದ ಗುಡ್ಡೆ ಹಾಗಿರಲಿಲ್ಲ. ಯಜಮಾನನದು ಒಂದು ಹಿಡಿ. ಅವಳದು ಮೊರದಿಂದ ಚೆಲ್ಲುವಷ್ಟು.

ಅವಳು ಕೂತು ಆ ಗುಡ್ಡೆಯನ್ನು ಕೈಯಲ್ಲಿ ಹರವಿದಳು. ಎಲ್ಲ ಇಡೀ ಬೀಜವೇ. ಒಡೆದ ಬೀಜ ಹುಡುಕಿದರೂ ಸಿಗಲಿಲ್ಲ. ಎಂದರೆ ಅವಳ ಚೆಂಡು ಎಂದೂ ಗುಳಿ ದಾಟಿ ಹೋಗುತ್ತಿರಲಿಲ್ಲ. ಪ್ರತಿ ಸಲವೂ ಈಚೆಗೇ ನಿಲ್ಲುತ್ತಿತ್ತು. ಬಲ ಸಾಲದೆ ಅಲ್ಲ, ಬಲ ಬೇಕಾದಷ್ಟಿತ್ತು. ಏಕೆ ಹಾಗೆ ಎಂದು ಅವಳು ಬಹಳ ಹೊತ್ತು ಯೋಚಿಸಿದಳು. ಆಮೇಲೆ ತಿಳಿಯಿತು. ಗುಳಿಯ ಹಿಂದೆ ಅರಳಿಕಟ್ಟೆ ಇತ್ತು. ಕಟ್ಟೆಯ ಮೇಲೆ ಯಜಮಾನನೂ ಊರಿನ ಹಿರಿಯರೂ ಕೂತು ಆಟ ನೋಡುತ್ತಿದ್ದರು. ಚೆಂಡು ಹೆಚ್ಚಾಗಿ ಹೋದರೆ ಅವರ ಕಾಲಿನ ಬಳಿಗೇ ಹೋಗುತ್ತಿತ್ತು. ಅದನ್ನು ತೆಗೆದುಕೊಳ್ಳಲು ಅವಳು ಹೋಗಿ ಅವರ ಮುಂದೆ ಬಗ್ಗಬೇಕಾಗುತ್ತಿತ್ತು, ಅವರು ನಗುತ್ತಿದ್ದರು. ಅವಳ ಕೈ ಆ ನಗುವಿಗೆ ಹೆದರಿ ತನಗೆ ತಾನೇ ಹಿಂದೆ ಸರಿಯುತ್ತಿತ್ತು. ಅವಳಿಗೇ ಗೊತ್ತಿರಲಿಲ್ಲ. ಒಂದು ವರ್ಷ ತೋಳನ್ನು ಬೈದುಕೊಂಡಿದ್ದಳು, ಕೆಟ್ಟಿದ್ದು ಧೈರ್ಯ.

ಅವಳಿಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆ ಬಹಳ ಹೊತ್ತು ಇರಲಿಲ್ಲ. ಮರುದಿನದಿಂದ ಅವಳು ಒನಕೆಯನ್ನು ಆಳುಗಳಿಗೇ ಬಿಟ್ಟಳು. ನಡುವಿನ ಹೊಡೆತವೊಂದನ್ನೇ ಹಿಡಿದಳು. ಬೇಕೆಂದೇ ಗುಳಿ ದಾಟಿಸಿ ಹೊಡೆದಳು. ಚೆಂಡು ಕಟ್ಟೆಗೆ ಬಡಿಯಿತು, ಹಿರಿಯರ ಚಪ್ಪಲಿಗೆ ಬಡಿಯಿತು, ಒಮ್ಮೆ ಯಜಮಾನನ ಎಲೆಅಡಿಕೆ ತಟ್ಟೆಯನ್ನೇ ಉರುಳಿಸಿತು. ಅವಳು ಹೋಗಿ ಬಗ್ಗಿ ಚೆಂಡು ಎತ್ತಿಕೊಂಡು ಬಂದಳು. ಬೈದರೆ ಬೈಸಿಕೊಂಡಳು. ನಕ್ಕರೆ ನಗಲಿ ಅಂದುಕೊಂಡಳು. ಚೀಲಕ್ಕೆ ಒಡೆದ ಬೀಜ ಹಾಕಿಕೊಂಡಳು. ಒಡೆದ ಬೀಜ ಬೀಳುವಾಗಲೆಲ್ಲ ಅವಳಿಗೆ ಖುಷಿಯಾಗುತ್ತಿತ್ತು. ಸ್ವಲ್ಪ ದಿನಕ್ಕೆ ಒಡೆದ ಬೀಜವೂ ಕಡಿಮೆಯಾಯಿತು. ಚೆಂಡು ಈಚೆಗೂ ನಿಲ್ಲದೆ ಆಚೆಗೂ ಹೋಗದೆ ಗುಳಿಯ ಸುತ್ತ ಬಂದು ಕೂರತೊಡಗಿತು.

ಮೊರದ ಮೇಲೆ ಇನ್ನೊಂದು ಸಂಗತಿ ಇತ್ತು. ಯಜಮಾನನ ಮೂರನೆಯ ಚೀಲ, ಕೊನೆಯ ಹೊಡೆತದ್ದು, ಖಾಲಿ. ಒಂದು ಬೀಜವೂ ಇಲ್ಲ. ಅದನ್ನು ನೋಡಿ ನೀನಾಗಿದ್ದರೆ ಏನು ಅನ್ನುತ್ತಿದ್ದೆ? ಆಹಾ, ಇವನು ಕೊನೆಯ ಹೊಡೆತ ತಪ್ಪುವುದೇ ಇಲ್ಲ ಅನ್ನುತ್ತಿದ್ದೆ. ಊರೂ ಹಾಗೇ ಅನ್ನುತ್ತಿತ್ತು. ಆದರೆ ಚೀಲ ಕಟ್ಟಿದವಳು ಅವಳು. ತಪ್ಪದೆ ಖಾಲಿಯಾದ ಚೀಲ ಬೇರೆ, ಆಡದೆ ಖಾಲಿಯಾದ ಚೀಲ ಬೇರೆ ಎಂದು ಅವಳಿಗೆ ಗೊತ್ತಿತ್ತು.

ಆರು ಚೀಲದ ಸುದ್ದಿ ಯಜಮಾನನ ಕಿವಿಗೆ ಬಿತ್ತು. ತನ್ನದನ್ನೂ ಎಣಿಸುತ್ತಾಳೆ ಎಂದು ತಿಳಿದಾಗ ಅವನ ಪ್ರೀತಿ ಎಲ್ಲ ಹೋಯಿತು. ಅವಳ ಅಪ್ಪನನ್ನು ಕರೆಸಿ ಕಟ್ಟೆಯ ಕೆಳಗೆ ನಿಲ್ಲಿಸಿ ಹೇಳಿದ. ನಿನ್ನ ಮಗಳು ನನ್ನ ಜೊತೆ ಒಂದೇ ಗುಳಿ ಆಡಲಿ. ಹೊಡೆತದಲ್ಲಿ ನನಗೆ ಸಮ ಬಂದರೂ ಸಾಕು, ನಾಲ್ವರಲ್ಲಿ ಅವಳೂ ಒಬ್ಬಳು. ಒಂದು ಹೆಚ್ಚಾದರೂ ಕೋಲನ್ನು ಇಲ್ಲೇ ಬಿಟ್ಟು ಹೋಗಬೇಕು, ಮತ್ತೆ ಈ ಕೆರೆ ಅಂಗಳಕ್ಕೆ ಕಾಲಿಡಕೂಡದು. ಅಪ್ಪ ಮನೆಗೆ ಬಂದು, ಊರನ್ನು ಎದುರು ಹಾಕಿಕೊಂಡು ಬದುಕುವುದಕ್ಕಾಗುತ್ತದೆಯೇ, ಬೀಜಗಳನ್ನು ಒಲೆಗೆ ಹಾಕು, ಹೋಗಿ ತಪ್ಪಾಯಿತು ಅನ್ನು ಎಂದು ಗೋಗರೆದ. ಪಾಪ, ಅವನು ಕೆಟ್ಟವನಲ್ಲ, ಅವನಿಗೆ ಮಗಳ ಮೇಲೆ ಪ್ರಾಣ. ಮಗಳು ಆಡುತ್ತೇನೆ ಎಂದಳು.

ಊರೆಲ್ಲ ಸೇರಿತು. ಕಟ್ಟೆಯ ಮುಂದಿನ ಗುಳಿಯೇ ನಿಗದಿಯಾಯಿತು. ದೂರದ ಹೊಡೆತದಲ್ಲಿ ಯಜಮಾನನ ಚೆಂಡು ಒಂದಿಷ್ಟು ಮುಂದೆ ಹೋಯಿತು. ಜನ ಕೇಕೆ ಹಾಕಿದರು. ನಡುವಿನ ಹೊಡೆತದಲ್ಲಿ ಅವಳು ಕಟ್ಟೆಯನ್ನೇ ನೋಡಿಕೊಂಡು ಹೊಡೆದಳು. ಚೆಂಡು ಗುಳಿಯನ್ನು ದಾಟಿ ಒಂದು ಮಾರು ದೂರದಲ್ಲಿ ನಿಂತಿತು. ಯಜಮಾನ ಹೊಡೆದ. ಅವನು ನಿಜಕ್ಕೂ ಒಳ್ಳೆಯ ಆಟಗಾರ, ಇಲ್ಲ ಅನ್ನಬಾರದು. ಅವನ ಚೆಂಡು ಗುಳಿಗೆ ಗೇಣಿನಷ್ಟು ಹತ್ತಿರ ಬಂದು ಕೂತಿತು. ಹೊಡೆತದಲ್ಲಿ ಇಬ್ಬರೂ ಸಮ.

ಯಜಮಾನ ಹತ್ತಿರ ಬಂದ. ಅವನ ದನಿ ಮತ್ತೆ ಮೆತ್ತಗಾಗಿತ್ತು.

"ನಿಂದೂ ಹತ್ರ ಐತೆ, ನಂದೂ ಹತ್ರ ಐತೆ," ಅಂದ. "ನಾ ನಿಂಗೆ ಕೊಟ್ಟೆ. ನೀ ನಂಗೆ ಕೊಡು. ಇಬ್ರೂ ಸಮ ಆಯ್ತು, ನಾಳೆಯಿಂದ ನಾಲ್ವರಲ್ಲಿ ನೀನೂ ಒಬ್ಳು. ಆ ಬೀಜದ ಚೀಲ ಮಾತ್ರ ಇಲ್ಲೇ ಬಿಚ್ಚಿ ಎಸೆದುಬಿಡು ತಾಯಿ."

ಅವಳು ಬೇಡಿಕೊಂಡಿದ್ದೆಲ್ಲ ಅಲ್ಲಿತ್ತು. ಕೈ ಚಾಚಿದರೆ ಸಾಕಿತ್ತು. ಅಪ್ಪ ಜನರ ನಡುವಿನಿಂದ, ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಿನಲ್ಲೇ ಹೇಳುತ್ತಿದ್ದ. ಅವಳು ಹೊಡೆಯಲು ಹೋಗಿ ತಪ್ಪಿದರೆ ಕೋಲು ಹೋಯಿತು, ಆಟ ಹೋಯಿತು. ಒಂದು ಮಾರು ಏನೂ ಕಡಿಮೆಯಲ್ಲ. ತಾನು ಆ ದೂರದಿಂದ ಎಷ್ಟು ಸಲ ತಪ್ಪಿದ್ದೇನೆ ಎಂದು ಊರಿನಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಎಷ್ಟು ಸಲ ತಪ್ಪದೆ ಹಾಕಿದ್ದೇನೆ ಎನ್ನುವುದೂ ಗೊತ್ತಿತ್ತು.

ಅವಳು ಚೆಂಡಿನ ಮುಂದೆ ನಿಂತು ಹೊಡೆದಳು. ಚೆಂಡು ಗುಳಿಯ ಅಂಚಿನಲ್ಲಿ ಒಂದು ಸುತ್ತು ಬಂದು ಒಳಗೆ ಬಿತ್ತು.

ಯಜಮಾನ ನಕ್ಕು, ತನ್ನ ಚೆಂಡನ್ನು ಎತ್ತಿಕೊಳ್ಳಲು ಬಗ್ಗಿದ.

"ನಾ ಕೊಟ್ಟಿಲ್ಲ," ಅಂದಳು ಅವಳು.

ಆ ಊರಿನಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಯಜಮಾನ ಕೇಳಿಸಲಿಲ್ಲವೇನೋ ಎನ್ನುವ ಹಾಗೆ ಸುತ್ತ ನೋಡಿದ. ಕೊಡುವ ಹಕ್ಕು ಎದುರಾಳಿಯದು, ಬೇರೆ ಯಾರೂ ಕೊಡುವ ಹಾಗಿಲ್ಲ. ಅದು ಅವರದೇ ಪದ್ಧತಿ. ಹಿರಿಯರು ನೆಲ ನೋಡಿದರು. ಯಜಮಾನ ಕೋಲು ಹಿಡಿದು ನಿಂತ. ಗೇಣು ದೂರ. ಮಗು ಕೂಡ ಹಾಕುತ್ತದೆ ಎಂದು ನಾವು ಅಂದುಕೊಳ್ಳುವ ದೂರ. ಆ ದೂರವನ್ನು ಆ ಕೈ ಒಮ್ಮೆಯೂ ಆಡಿರಲಿಲ್ಲ, ಊರಿನ ಮುಂದೆಯಂತೂ ಆಡಿರಲೇ ಇಲ್ಲ. ಹೊಡೆದ. ಚೆಂಡು ಗುಳಿಯ ಪಕ್ಕದಲ್ಲಿ ಹಾದು ಹೋಯಿತು.

"ಗಾಳಿ," ಅಂದ ಯಜಮಾನ.

ಒಂದು ಎಲೆಯೂ ಅಲುಗಿರಲಿಲ್ಲ. ಕಟ್ಟೆಯ ಮೇಲಿನವರು, ಹೌದು, ಗಾಳಿ ಬಂತು ಎಂದರು. ಅವಳು ಸೊಂಟದಿಂದ ಆ ಖಾಲಿ ಚೀಲವನ್ನು ಬಿಚ್ಚಿ, ಅದಕ್ಕೆ ಒಂದು ಒಡೆದ ಬೀಜ ಹಾಕಿ ಯಜಮಾನನ ಮುಂದೆ ಹಿಡಿದಳು. ಅವನು ಕೈ ಚಾಚಲಿಲ್ಲ. ಅವಳು ಅದನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೋದಳು.

ಇಷ್ಟು ಹೇಳಿ ಗುರು ಕತೆ ಮುಗಿಸಿದರು. ಭಾರ್ಗವನಿಗೆ ತಡೆಯಲಾಗಲಿಲ್ಲ. ಆ ವರ್ಷ ಅವಳು ಪಕ್ಕದ ಊರಿಗೆ ಹೋದಳೇ ಎಂದು ಕೇಳಿದ. ಹೋದಳು, ಉಳಿದ ಮೂವರೂ ಸೋತರು, ಅವಳೊಬ್ಬಳು ಗೆದ್ದಳು ಎಂದರು ಗುರು. ಹಾಗಾದರೆ ಊರು ಅವಳನ್ನು ಹೊತ್ತು ಮೆರೆಸಿರಬೇಕು ಎಂದ ಅವನು. ಇಲ್ಲ, ಊರು ಅವಳ ಜೊತೆ ಮಾತು ಬಿಟ್ಟಿತು, ಬೀಜದ ಚೀಲವನ್ನು ಯಾರೂ ಮುಟ್ಟಲಿಲ್ಲ, ಅವಳು ಮಾತ್ರ ಕೊನೆಯ ತನಕ ಎಣಿಸುತ್ತಲೇ ಇದ್ದಳು ಎಂದರು ಗುರು.

ಭಾರ್ಗವನ ಮುಖ ಸಪ್ಪಗಾಯಿತು.

"ತಪ್ಪನ್ನೆಲ್ಲ ಎಣಿಸಿ, ಊರನ್ನೂ ಕಳೆದುಕೊಂಡು, ಅವಳಿಗೆ ಸಿಕ್ಕಿದ್ದಾದರೂ ಏನು ಗುರುಗಳೇ?"

ಗುರು ಎದ್ದು ನಿಂತರು.

"ನಿನ್ನ ತಪ್ಪನ್ನು ನೀನೇ ಎಣಿಸದಿದ್ದರೆ, ನೀನು ಎಲ್ಲಿ ಸೋಲುತ್ತೀಯ ಎಂದು ಊರು ಹೇಳುತ್ತದೆ, ನೀನು ಸಾಯುವ ತನಕ ಅಲ್ಲೇ ತಿದ್ದಿಕೊಳ್ಳುತ್ತಾ ಇರುತ್ತೀಯ."

ಭಾರ್ಗವ ಮೊಬೈಲು ತೆಗೆದು ಅವತ್ತಿನ ಲೆಕ್ಕ ತೆರೆದ.